ಎರಡು ಎಕರೆಯ ಉಸಿರು

ಬದುಕಿರುವ ಮಣ್ಣಿಗಿಂತ ಸತ್ತ ಮಣ್ಣಿಗೇ ಹೆಚ್ಚು ಬೆಲೆ ಬಂದಿದ್ದ ಕಾಲ ಅದು.

ಕಾಯ್ದೆ ಮಾಡಿದವರ ಉದ್ದೇಶ ಒಳ್ಳೆಯದೇ ಆಗಿತ್ತು. ಹಳ್ಳಿಯಲ್ಲಿ ಹೊಲ ಕೊಳ್ಳುವುದು, ಅಧಿಕಾರಿಯ ಕೈಲಿ ಒಂದು ಸಹಿ ಹಾಕಿಸಿ ಅದನ್ನು ಎನ್‌ಎ ಮಾಡಿಸುವುದು, ಅಂದರೆ ಇದು ಇನ್ನು ಬೇಸಾಯದ ಭೂಮಿಯಲ್ಲ ಎಂದು ಬರೆಸುವುದು, ಆಮೇಲೆ ಪ್ಲಾಟು ಹಾಕಿ ಮಾರುವುದು. ಈ ಚಾಳಿ ಮಿತಿಮೀರಿದಾಗ ಸರ್ಕಾರ ಸಹಿಯನ್ನೇ ತೆಗೆದುಹಾಕಿತು. ಬಳಕೆ ಬದಲಾಗಬಹುದೋ ಬಾರದೋ ಎಂಬುದನ್ನು ಇನ್ನು ಮೇಲೆ ಭೂಮಿಯೇ ಹೇಳಲಿ ಎಂದಿತು. ಹಾಗೆ ಹೇಳಿಸುವ ಯಂತ್ರ ಆಗತಾನೇ ಬಂದಿತ್ತು. ನೆಲದಲ್ಲಿ ಹೂತು ನಿಲ್ಲಿಸುವ ಮೊಳದುದ್ದದ ಕೊಳವೆ ಅದು. ಅದರ ಇಂಗ್ಲಿಷ್ ಹೆಸರು ಯಾರ ಬಾಯಲ್ಲೂ ಹೊರಳಲಿಲ್ಲ. ಜನ ಉಸಿರುಗೊಳವೆ ಎಂದರು, ಅದೇ ಉಳಿಯಿತು.

ಒಂದು ಚಿಟಿಕೆ ಮಣ್ಣಿನಲ್ಲಿ ಕಣ್ಣಿಗೆ ಕಾಣದ ಕೋಟಿಗಟ್ಟಲೆ ಜೀವಿಗಳಿರುತ್ತವೆ. ಅವೂ ಉಣ್ಣುತ್ತವೆ, ಉಸಿರು ಬಿಡುತ್ತವೆ. ಆ ಉಸಿರಿನಲ್ಲಿರುವುದು ನಮ್ಮ ಉಸಿರಿನಲ್ಲಿರುವ ಅದೇ ಇಂಗಾಲದ ಡೈಆಕ್ಸೈಡ್. ಕೊಳವೆ ಅದನ್ನು ಅಳೆದು ಧಾರವಾಡದ ಮಣ್ಣುಸಿರು ಕೇಂದ್ರಕ್ಕೆ ಕಳಿಸುತ್ತದೆ. ಅಲ್ಲಿನ ಪರದೆಯ ಮೇಲೆ ಒಂದು ಹಸಿರು ಗೆರೆ ಇದೆ. ಉಸಿರು ಆ ಗೆರೆಯ ಮೇಲಿದ್ದರೆ ಮಣ್ಣು ಬದುಕಿದೆ ಎಂದು ಅರ್ಥ, ಅಲ್ಲಿ ಬೆಳೆ ಬಿಟ್ಟು ಬೇರೇನೂ ಕೂಡದು. ಎರಡು ಸಲ ಅಳೆದಾಗಲೂ ಕೆಳಗಿದ್ದರೆ ಮಣ್ಣು ಸತ್ತಿದೆ. ಮನೆ ಕಟ್ಟಿ, ಕಾರ್ಖಾನೆ ಹಾಕಿ, ಕೇಳುವವರಿಲ್ಲ.

ಜನ ಇದಕ್ಕೂ ದಾರಿ ಕಂಡುಕೊಂಡರು. ಕಂಡುಕೊಳ್ಳದಿದ್ದರೆ ಅವರು ಜನ ಹೇಗಾದಾರು? ಮೊದಲೆಲ್ಲ ಹೊಲ ಕೊಳ್ಳುವವನು ನೀರಿದೆಯೇ, ಬಂಡಿದಾರಿ ಇದೆಯೇ ಎಂದು ಕೇಳುತ್ತಿದ್ದ. ಈಗ ಮಣ್ಣು ಸತ್ತಿದೆಯೇ ಎಂದು ಕೇಳತೊಡಗಿದ. ಸಾಯದಿದ್ದರೆ ಸಾಯಿಸಿಕೊಡುವ ಏಜೆಂಟರು ಹುಟ್ಟಿದರು. ರಾತ್ರೋರಾತ್ರಿ ಲಾರಿಗಟ್ಟಲೆ ಉಪ್ಪು ಸುರಿದು ನೀರು ಬಿಟ್ಟರೆ ಎಂಥ ಎರೆಭೂಮಿಯೂ ಉಸಿರುಗಟ್ಟಿ ಮಲಗುತ್ತಿತ್ತು. ಹಿಡಿದು ದಂಡ ಹಾಕುವುದೂ ನಡೆದಿತ್ತು, ತಪ್ಪಿಸಿಕೊಳ್ಳುವುದೂ ನಡೆದಿತ್ತು.

ಆ ಹಸಿರು ಗೆರೆಯನ್ನು ಎಲ್ಲಿ ಎಳೆಯಬೇಕೆಂದು ಲೆಕ್ಕ ಹಾಕಿಕೊಟ್ಟವರು ವಿಶಾಲಾಕ್ಷಿ ಅಬ್ಬಿಗೇರಿ. ಕೇಂದ್ರದ ಹಿರಿಯ ವಿಜ್ಞಾನಿ, ಗದಗ ಸೀಮೆಯ ಹೆಣ್ಣುಮಗಳು. ಮುಖದಲ್ಲಿ ನಗು ಕಡಿಮೆ, ಯಾರ ಮುಲಾಜಿಗೂ ಬೀಳುವವರಲ್ಲ. ಶಾಸಕರ ಫೋನು ಬಂದರೂ ಅಷ್ಟೇ, ಸಿಪಾಯಿಯ ಫೋನು ಬಂದರೂ ಅಷ್ಟೇ. ಉಪ್ಪು ಹಾಕಿದ ಹೊಲವನ್ನು ಪರದೆಯ ಮೇಲೆ ನೋಡಿಯೇ ಗುರುತಿಸುತ್ತಿದ್ದರು.

ಅಂಥವರೂ ಆ ದಿನ ಪರದೆಯ ಮುಂದೆ ಕಣ್ಣು ಕಿರಿದು ಮಾಡಿ ಕುಳಿತರು. ಹೊಸ ಮಾರನಕಟ್ಟಿ ಎಂಬ ಊರಿನ ಎರಡು ಎಕರೆ. ಮೊದಲ ಸಲ ಅಳೆದಾಗ ಉಸಿರು ಗೆರೆಯ ಕೆಳಗೇ ಇತ್ತು. ಎರಡನೆಯ ಅಳತೆಯಲ್ಲಿ ಅದು ಗೆರೆ ದಾಟಿ ಎಲ್ಲೋ ಮೇಲೆ ಹೋಗಿ ಕುಳಿತಿತ್ತು.

“ಯಾರೋ ಏನೋ ಕೈ ಆಡಿಸ್ಯಾರ್ರಿ ಮೇಡಂ,” ಎಂದ ಪಕ್ಕದ ಕುರ್ಚಿಯ ಇಂಜಿನಿಯರ್ ಇರ್ಫಾನ್. “ಬೀಳುಬಿಟ್ಟ ಹೊಲ ಹಿಂಗ ಏಕಾಏಕಿ ಜೀವಾ ಹಿಡಿಯೂದಿಲ್ಲ.”

“ಕೈ ಆಡ್ಸೋರು ಕೆಳಗ ಇಳಸ್ತಾರ ಇರ್ಫಾನ್. ಎನ್‌ಎ ಕೇಳಿದವರು ಯಾಕ ಮ್ಯಾಲೆ ಏರಸ್ತಾರ? ತಮ್ಮ ಅರ್ಜಿ ತಾವ ಹಾಳ ಮಾಡ್ಕೊಂಡಂಗ ಆತಲ್ಲ.”

ಇಂಥದ್ದನ್ನು ಅವರು ಕಂಡಿರಲಿಲ್ಲ. ಸಾಮಾನ್ಯವಾಗಿ ತನಿಖೆಗೆ ಬೇರೆಯವರನ್ನು ಕಳಿಸುವವರು ಈ ಸಲ ತಾವೇ ಜೀಪು ಹತ್ತಿದರು.

ಹೊಸ ಮಾರನಕಟ್ಟಿ ಹಳೆಯ ಊರಲ್ಲ. ಹಳೆಯ ಮಾರನಕಟ್ಟಿ ಅಣೆಕಟ್ಟಿನ ನೀರಿನಲ್ಲಿ ಮುಳುಗಿದ ಮೇಲೆ ಸರ್ಕಾರ ಈ ಬಯಲಿನಲ್ಲಿ ಗೆರೆ ಹಾಕಿ ಕಟ್ಟಿಕೊಟ್ಟ ಊರು. ಓಣಿಗಳು ಅಡ್ಡಡ್ಡ ಉದ್ದುದ್ದ ನೇರವಾಗಿದ್ದವು. ಶಾಲೆ, ನೀರಿನ ಟಾಕಿ, ಬಸ್ ನಿಲ್ದಾಣ, ಆಟದ ಮೈದಾನ, ಸಂತೆಯ ಕಟ್ಟೆ, ಎಲ್ಲಕ್ಕೂ ಜಾಗ ಬಿಟ್ಟಿದ್ದರು. ಸಾಯುವವರಿಗೆ ಜಾಗ ಬಿಡುವುದನ್ನು ಮರೆತಿದ್ದರು. ನಕ್ಷೆ ಮಾಡಿದವರು ವಯಸ್ಸಿನಲ್ಲಿ ಚಿಕ್ಕವರಿದ್ದಿರಬೇಕು.

ಅರ್ಜಿ ಹಾಕಿದವಳ ಹೆಸರು ಶಂಕ್ರವ್ವ. ಊರಿನ ಮಹಿಳಾ ಸಂಘದ ಮುಂದಾಳು. ಮನೆ ಮನೆಯಿಂದ ಕೂಡಿಸಿ, ಹುಸೇನಸಾಬ ಎಂಬ ರೈತನಿಂದ ಎರಡು ಎಕರೆ ಖರೀದಿ ಹಾಕಿಸಿದ್ದವಳು ಅವಳೇ. ವಿಶಾಲಾಕ್ಷಿ ಬಾಗಿಲಲ್ಲಿ ನಿಂತಾಗ ಅವಳು ರೊಟ್ಟಿ ಬಡಿಯುತ್ತಿದ್ದಳು. ಕೈಗೆ ಹತ್ತಿದ ಹಿಟ್ಟನ್ನು ಉಜ್ಜುತ್ತ ಎದ್ದು ಬಂದು ಕಂಬಳಿ ಹಾಸಿದಳು. ಪಡಸಾಲೆಯ ಮೂಲೆಯಲ್ಲಿ ದಿಂಬಿಗೆ ಒರಗಿ ಅವಳ ಅತ್ತೆ ಫಕೀರವ್ವ ಕುಳಿತಿದ್ದಳು. ಎದೆಯಲ್ಲಿ ನೀರು ತುಂಬಿ, ಮಲಗಿದರೆ ಉಸಿರು ಕಟ್ಟುತ್ತಿತ್ತು. ಗದಗಿನ ಡಾಕ್ಟರರು ಮನೆಗೆ ಕರೆದುಕೊಂಡು ಹೋಗಿ ಎಂದಿದ್ದರು, ಅಂದರೆ ಏನೆಂದು ಎಲ್ಲರಿಗೂ ಗೊತ್ತಿತ್ತು.

“ಎನ್‌ಎ ಯಾತಕ್ಕ ಬೇಕಾಗಿತ್ತು? ಪ್ಲಾಟ್ ಹಾಕವ್ರಿದ್ರೇನು?” ವಿಶಾಲಾಕ್ಷಿ ನೇರವಾಗಿ ಕೇಳಿದರು.

“ಪ್ಲಾಟ ಎಲ್ಲೀದ್ರಿ ಬಾಯಾರ. ಸುಡಗಾಡಕ್ಕ ಬೇಕಾಗೇತ್ರಿ. ಸತ್ತವರನ್ನ ಮಣ್ಣ ಮಾಡಾಕ ಈ ಊರಾಗ ಒಂದ ಗೇಣು ಜಾಗಾ ಇಲ್ಲ.”

ಆಮೇಲೆ ಅವಳು ಎಲ್ಲ ಬಿಡಿಸಿ ಹೇಳಿದಳು. ಊರವರು ಇಷ್ಟು ವರ್ಷ ಹೆಣವನ್ನು ಪಕ್ಕದೂರಿಗೆ ಒಯ್ದು, ಅಲ್ಲಿನವರ ಕೈಕಾಲು ಹಿಡಿದು ಮಣ್ಣು ಮಾಡುತ್ತಿದ್ದರು. ಆ ಊರಿನವರೂ ಎಷ್ಟೆಂದು ಸಹಿಸಿಯಾರು, ಅವರ ಜಾಗವೂ ತುಂಬಿತು. ಫಕೀರವ್ವನ ಗಂಡ ಸತ್ತಾಗ ಒಲ್ಲೆ ಎಂದುಬಿಟ್ಟರು. ದಾರಿ ಕಾಣದೆ ಕಾಲುವೆಯ ಏರಿಯ ಮಗ್ಗುಲಲ್ಲಿ ಕುಣಿ ತೋಡಿದರು. ಮುಂದೆ ಕಾಲುವೆ ಅಗಲ ಮಾಡುವಾಗ ಜೆಸಿಬಿಯ ಸೊಂಡಿಲಿಗೆ ಅವನು ಸಿಕ್ಕಿದ. ಯಾರೋ ಓಡಿ ಬಂದು ಸುದ್ದಿ ಹೇಳಿದರು. ಫಕೀರವ್ವ ಹೋಗಿ ಗಂಡನ ಎಲುಬುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದಳು.

“ಆವಾಗಿಂದ ನಮ್ಮತ್ತಿದು ಒಂದ ಮಾತ್ರಿ. ನನ್ನ ಎಲ್ಲಿ ಇಡ್ತೀರಿ ಇಡ್ರಿ, ಆದ್ರ ತಿರುಗಿ ಎಬ್ಬಸಬ್ಯಾಡ್ರಿ ಅಂತಾಳ. ಅದಕ್ಕ ಹೊಲಾ ಕೊಂಡೇವ್ರಿ.”

ವಿಶಾಲಾಕ್ಷಿ ಮೂಲೆಯ ಮುದುಕಿಯ ಕಡೆಗೊಮ್ಮೆ ನೋಡಿದರು. ಆದರೂ ಬಂದ ಕೆಲಸ ಬಿಡುವವರಲ್ಲ. “ಮೊದಲ ಸಲ ಅಳದಾಗ ಮಣ್ಣು ಸತ್ತಿತ್ತು. ಈಗ ಜೀವಾ ತುಂಬಿ ಕುಂತೈತಿ. ನಡುವ ಹೊಲಕ್ಕ ಏನ ಹಾಕಿದ್ರಿ?”

“ಏನೂ ಹಾಕಿಲ್ರಿ. ಗೊಬ್ಬರ ಸೈತ ಹಾಕಿಲ್ಲ.”

“ಹಾಕೇವಲ್ಲ,” ಮೂಲೆಯಿಂದ ಫಕೀರವ್ವನ ದನಿ ಬಂತು. “ಎಳ್ಳ ಅಮಾಸಿಗೆ ಚರಗಾ ಚೆಲ್ಲೇವಿ.”

ಆ ಸೀಮೆಯಲ್ಲಿ ಅದು ಎಲ್ಲರ ಮನೆಯ ಪದ್ಧತಿ. ಎಳ್ಳ ಅಮಾವಾಸ್ಯೆಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿ ಬಸುರಿ ಎಂದು ಬಗೆದು, ಮಾಡಿದ ಅಡಿಗೆಯನ್ನೆಲ್ಲ ಮೊದಲು ಅವಳಿಗೆ ಎರಚಿ ಆಮೇಲೆ ತಾವು ಉಣ್ಣುತ್ತಾರೆ. ಹೊಸದಾಗಿ ಕೊಂಡ ಹೊಲ, ಮೊದಲ ಎಳ್ಳ ಅಮಾವಾಸ್ಯೆ, ಬಿಡಲು ಸಾಧ್ಯವೇ? ಇಡೀ ಊರಿಗೆ ಊರೇ ಹೋಗಿತ್ತು. ಪ್ರತಿ ಮನೆಯವರೂ ಕಡುಬು, ಸಜ್ಜಿರೊಟ್ಟಿ, ಪುಂಡಿಪಲ್ಯ, ಮೊಸರನ್ನ, ಬೆಲ್ಲದ ನೀರು ತಂದಿದ್ದರು. ಫಕೀರವ್ವನನ್ನು ಬಂಡಿಯಲ್ಲಿ ಕೂಡಿಸಿಕೊಂಡು ಹೋಗಿ ಮೊದಲ ತುತ್ತನ್ನು ಅವಳ ಕೈಲಿ ಎರಚಿಸಿದ್ದರು. ಮಾರಿದ ಹುಸೇನಸಾಬನೂ ಮನೆಯವರೊಡನೆ ಬಂದು, ನನ್ನ ಅನ್ನ ಇದರಾಗ ಇತ್ತಲ್ಲ ಎಂದು ಕಣ್ಣಲ್ಲಿ ನೀರು ತಂದುಕೊಂಡು ತನ್ನ ಪಾಲಿನ ಚರಗ ಚೆಲ್ಲಿದ್ದ. ಎರಡು ಎಕರೆಗೆ ಒಂದು ಊರಿನ ಊಟ ಬಿದ್ದಿತ್ತು.

ಸೊರಗಿ ಮಲಗಿದ್ದ ಜೀವಿಗಳು ಎದ್ದು ಉಂಡವು, ಉಸಿರು ಬಿಟ್ಟವು. ಅಷ್ಟೇ ನಡೆದದ್ದು. ವಿಶಾಲಾಕ್ಷಿ ಬಿಡಿಸಿ ಹೇಳಿದರು.

ಶಂಕ್ರವ್ವ ಹಣೆ ಬಡಿದುಕೊಂಡಳು. “ಅಯ್ಯ ನಮ್ಮ ಕೈಯಾರ ನಾವ ಹಾಳ ಮಾಡ್ಕೊಂಡಿವಿ! ಅತ್ತೀ, ನಿನ್ನ ಮಾತ ಕೇಳಿ ಹೊಲಕ್ಕ ಜೀವಾ ತುಂಬಿ ಕುಂತೇವಲ್ಲ. ಅವತ್ತ ಏಜೆಂಟ ಬಂದು ಉಪ್ಪ ಹಾಕ್ಸಿಕೊಡ್ತೇನಿ ಅಂದಾಗ ಹ್ಞೂ ಅಂದಿದ್ರ ಮುಗೀತಿತ್ತು.”

“ಹ್ಞೂ ಅನ್ನೂ ನಿಮ್ಮಪ್ಪ,” ಫಕೀರವ್ವ ಸಿಡುಕಿದಳು. ಎರಡು ಮಾತಾಡಿದರೆ ಒಂದು ಸಲ ಏದುಸಿರು ಬಿಡಬೇಕಿತ್ತು, ಆದರೂ ಬಾಯಿ ಸುಮ್ಮನಿರಲಿಲ್ಲ. “ಸತ್ತ ಮಣ್ಣಾಗ ನಾ ಮಲಗಂಗಿಲ್ಲ ಅಂತ ಅವಂಗ ಹೇಳೇನಿ, ನಿನಗೂ ಹೇಳತೇನಿ. ಮಣ್ಣಾಗ ಮಣ್ಣ ಆಗಬೇಕು. ಉಪ್ಪಿನಕಾಯಿಗತೆ ಹಂಗ ಕುಂದ್ರಾಕ ನನಗೇನ ಹುಚ್ಚ ಹಿಡದೈತಿ?”

ಜೀಪಿನಲ್ಲಿ ವಾಪಸು ಬರುವಾಗ ವಿಶಾಲಾಕ್ಷಿಯ ತಲೆಯಲ್ಲಿ ಆ ಮಾತೇ ತಿರುಗುತ್ತಿತ್ತು. ಕಾಯ್ದೆಗೆ ಎರಡೇ ಬಗೆಯ ಭೂಮಿ ಗೊತ್ತಿತ್ತು, ಬೆಳೆಯುವುದು ಮತ್ತು ಕಟ್ಟುವುದು. ಸುಡುಗಾಡನ್ನು ಅದು ಮನೆ, ಕಾರ್ಖಾನೆಗಳ ಸಾಲಿಗೆ ತಳ್ಳಿಬಿಟ್ಟಿತ್ತು. ಹೀಗಾಗಿ ಹೆಣ ಹೂಳಬೇಕಾದರೆ ಮಣ್ಣು ಸತ್ತಿರಬೇಕು. ಆದರೆ ಸತ್ತ ಮಣ್ಣು ಹೆಣವನ್ನು ಕರಗಿಸುವುದಿಲ್ಲ. ಕರಗಿಸಲು ಬೇಕಾದ ಜೀವಿಗಳೇ ಅದರಲ್ಲಿರುವುದಿಲ್ಲ. ಗೆರೆ ಎಳೆಯುವ ದಿನ ಕೋಣೆಯಲ್ಲಿ ಹತ್ತಾರು ತಜ್ಞರಿದ್ದರು. ಅವರಲ್ಲಿ ಒಬ್ಬರಿಗೂ ಇದು ಹೊಳೆದಿರಲಿಲ್ಲ.

ಕೇಂದ್ರದ ನಿರ್ದೇಶಕರು ನಾಡಗೌಡ ಸಾಹೇಬರು. ಕೆಟ್ಟವರಲ್ಲ, ನಿವೃತ್ತಿ ಹತ್ತಿರ ಬಂದದ್ದರಿಂದ ಮೊದಲಿಗಿಂತ ಹೆಚ್ಚು ಎಚ್ಚರದವರು.

“ಗೆರೀ ಮ್ಯಾಲೈತಿ, ಅರ್ಜಿ ವಜಾ. ಇದರಾಗ ಮಾತಾಡೂದೇನೈತಿ?”

“ಹೂಳೂದು ಬಳಕೆಯ ಬದಲಾವಣೆ ಅಲ್ಲರೀ ಸರ್. ಮಣ್ಣಿಗೆ ಉಣಸೂದದು. ಹೊಲಾ ಹೊಲಾನ ಉಳೀತೈತಿ.”

“ಅದನ್ನ ನೀವು ಅಂದ್ರಾತೇನು? ಮಣ್ಣ ಅನಬೇಕು. ಗೆರಿ ಎಳದವ್ರು ನಾವ ಅಲ್ಲೇನು?”

“ಮಣ್ಣಿನ ಕಡಿಂದನ ಹೇಳಸೂಣು. ಪರೀಕ್ಷಾ ಬಳಕೆ ಅಂತ ಒಂದ ನಿಯಮ ಐತಲ್ಲ.”

ನಿಯಮವೇನೋ ಇತ್ತು. ತಾನು ಮಾಡುವುದು ಬಳಕೆಯ ಬದಲಾವಣೆಯೇ ಅಲ್ಲ ಎಂದು ಯಾರಾದರೂ ವಾದಿಸಿದರೆ, ಅದನ್ನು ಆ ನೆಲದ ಮೇಲೆ ಒಂದು ಸಲ ಮಾಡಿ ತೋರಿಸಬಹುದು. ಮಗ್ಗುಲಲ್ಲೇ ಉಸಿರುಗೊಳವೆ ನಿಂತಿರುತ್ತದೆ. ಮಾಡಿದ ಮೇಲೆ ಬರುವ ಎರಡನೆಯ ಅಮಾವಾಸ್ಯೆಯ ದಿನ ಉಸಿರು ಕೊನೆಯ ಅಧಿಕೃತ ಅಳತೆಗಿಂತ ಕೆಳಗಿರಬಾರದು. ಇದ್ದರೆ, ಮಾಡಿದ್ದನ್ನು ತೆಗೆದು ನೆಲವನ್ನು ಮೊದಲಿನಂತೆ ಮಾಡಿಕೊಡಬೇಕು. ಬಣವೆ ಒಟ್ಟುವವರಿಗೆ, ಜೇನುಪೆಟ್ಟಿಗೆ ಇಡುವವರಿಗೆ ಎಂದು ಇಟ್ಟ ನಿಯಮ ಅದು.

ನಾಡಗೌಡರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಮಾಡಿದ್ದನ್ನ ತಗೀಬೇಕು ಅಂದ್ರ ಏನು ಅಂತ ಗೊತ್ತೈತಲ್ಲ ನಿಮಗ? ಹೂತ ಹೆಣಾ ಎಬ್ಬಸಬೇಕು. ಅದೂ ಕೊನೀ ಅಳತಿ ಯಾವ್ದು? ಚರಗಾ ಉಂಡು ಏರಿ ಕುಂತದ್ದು. ಅಷ್ಟ ಎತ್ತರಕ್ಕ ತಿರುಗಿ ಮುಟ್ಟೀತೇನು?”

“ಗೊತ್ತಿಲ್ರಿ ಸರ್.”

ನಿಜವಾಗಿಯೂ ಅವರಿಗೆ ಗೊತ್ತಿರಲಿಲ್ಲ. ಚರಗದ ಊಟ ತೀರಿದಂತೆ ಉಸಿರು ತಾನಾಗಿ ಇಳಿಯತೊಡಗಿತ್ತು. ಆ ಮುದುಕಿ ತನ್ನ ಕೈಯಾರೆ ಎತ್ತರಕ್ಕೆ ಏರಿಸಿಟ್ಟ ಅಳತೆಯೇ ಈಗ ಅವಳಿಗೆ ಎದುರು ನಿಂತಿತ್ತು.

ಮತ್ತೆ ಮಾರನಕಟ್ಟಿಗೆ ಹೋಗಿ ಅವರು ಇದನ್ನೆಲ್ಲ ಏನೂ ಮುಚ್ಚಿಡದೆ ಹೇಳಿದರು. ಪಡಸಾಲೆಯಲ್ಲಿ ಊರಿನ ಹಿರಿಯರು ಕೂಡಿದ್ದರು. ಕೇಳಿ ಮುಗಿದ ಮೇಲೆ ಎಲ್ಲರೂ ತಂತಮ್ಮ ಕಾಲಬೆರಳು ನೋಡುತ್ತ ಕುಳಿತರು. ಊರಿಗೆ ಜಾಗ ಬೇಕಿತ್ತು. ಆದರೆ ಎಬ್ಬಿಸುವ ಮಾತು ಬಂದರೆ ಯಾರ ಮನೆಯ ಹೆಣವನ್ನು ಮೊದಲು ಕೊಡುವುದು?

“ನನ್ನ ಹಾಕಿ ನೋಡ್ರಿ,” ಎಂದಳು ಫಕೀರವ್ವ.

“ಅತ್ತೀ!” ಶಂಕ್ರವ್ವ ಎದ್ದು ನಿಂತಳು. “ಎಬ್ಬಸಬ್ಯಾಡ್ರಿ ಅಂತ ದಿನಾ ಬಡಕೊಳ್ಳಾಕಿ ನೀನ. ನಾಳೆ ಅವರು ಎಬ್ಬಸ್ರಿ ಅಂದ್ರ ಸಲಿಕಿ ಹಿಡಿಯಾಕಿ ನಾನಲ್ಲ?”

“ಎಬ್ಬಸೂದಿಲ್ಲ ತಗಿ. ಹುಟ್ಟಿದಾಗಿಂದ ಭೂಮಿ ಕೊಟ್ಟದ್ದ ಉಂಡೇನಿ. ಇನ್ನ ಅದರ ಪಾಳಿ. ಇಷ್ಟ ಉಂಡ ಮೈ ಒಂದ ಕೊಳವಿಗೆ ಸಾಲೂದಿಲ್ಲಂದ್ರ ಹೆಂಗ?” ಅವಳು ನಗಲು ಹೋದಳು, ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ವಿಶಾಲಾಕ್ಷಿಯ ಕಡೆಗೆ ತಿರುಗಿದಳು. “ಯವ್ವಾ, ಉಪ್ಪ ಹಾಕಿದ್ರ ಮಣ್ಣ ಸಾಯತೈತಿ ಅಂತಾರಲ್ಲ. ಹೆಣಕ್ಕ ಉಪ್ಪ ಹಾಕೂದು ನಮ್ಮ ಪದ್ಧತಿ. ಅದೂ ಅಷ್ಟನ?”

ವಿಶಾಲಾಕ್ಷಿ ಇದನ್ನು ಯೋಚಿಸಿಯೇ ಇರಲಿಲ್ಲ. “ಅಷ್ಟನರಿ ಅಮ್ಮಾ,” ಎಂದರು.

“ಹಂಗಾರ ನನಗ ಉಪ್ಪ ಹಾಕಬ್ಯಾಡ್ರಿ.”

ಕುಳಿತವರಲ್ಲಿ ಗುಜುಗುಜು ಎದ್ದಿತು. ಉಪ್ಪಿಲ್ಲದೆ ಮಣ್ಣು ಮಾಡಿದರೆ ನಾಲ್ಕು ಮಂದಿ ಏನೆಂದಾರು, ನಾಯಿನರಿ ಕೆದರಿದರೆ ಗತಿಯೇನು? ಫಕೀರವ್ವ ಕಣ್ಣು ಮುಚ್ಚಿ ಕುಳಿತಳು. ಅವಳ ಮಟ್ಟಿಗೆ ಮಾತು ಮುಗಿದಿತ್ತು.

ಎಳ್ಳ ಅಮಾವಾಸ್ಯೆಯ ಮುಂದಿನ ಅವರಾತ್ರಿ ಅಮಾವಾಸ್ಯೆಯೂ ಕಳೆದು ಜೋಳದ ತೆನೆ ಬಲಿಯುವ ಹೊತ್ತಿಗೆ ಫಕೀರವ್ವ ತೀರಿಕೊಂಡಳು. ಬೆಳಿಗ್ಗೆ ಸೊಸೆ ಕೈಗೆ ಕೊಟ್ಟ ಚಹಾ ಕುಡಿದು, ಸಕ್ಕರೆ ಕಡಿಮೆ ಹಾಕಿದ್ದಕ್ಕೆ ಬೈದು, ದಿಂಬಿಗೆ ಒರಗಿದವಳು ಹಾಗೆಯೇ ಇದ್ದಳು.

ಎರೆಭೂಮಿಯಲ್ಲಿ ಆಳವಾಗಿ ಕುಣಿ ತೋಡಿದರು. ನಾಯಿನರಿಯ ಭಯಕ್ಕೆ ಮೇಲೆ ಹೇರಲು ಕಲ್ಲು ಕೂಡಿಸಿಟ್ಟಿದ್ದರು. ಮಗ್ಗುಲಲ್ಲಿ ಕೊಳವೆ ನಿಂತಿತ್ತು, ಅದರ ತುದಿಯ ಸಣ್ಣ ದೀಪ ಮಿಣಕುತ್ತಿತ್ತು. ಗಂಡನ ಎಲುಬಿನ ಗಂಟನ್ನು ಅವಳ ಮಡಿಲಲ್ಲಿಟ್ಟರು. ಮಣ್ಣಿಗೆ ಬಂದವರು ದೂರದೂರದ ನೆಂಟರು, ಎಲ್ಲರ ಮುಷ್ಟಿಯಲ್ಲೂ ಉಪ್ಪು. ಕುಣಿಯ ಬಾಯಿಗೆ ಶಂಕ್ರವ್ವ ಬುಟ್ಟಿ ಹಿಡಿದು ನಿಂತಿದ್ದಳು.

“ಇದರಾಗ ಹಾಕ್ರಿ. ಕುಣಿಯಾಗ ಬ್ಯಾಡ. ಆಕಿ ಹೇಳಿ ಹೋಗ್ಯಾಳ.”

ಕೆಲವರು ತಿಳಿದು ಬುಟ್ಟಿಗೆ ಹಾಕಿದರು. ಕೆಲವರು ಮುಖ ಗಂಟಿಕ್ಕಿ ಹಾಕಿದರು. ಅತ್ತೆ ಸತ್ತ ದಿನವೇ ಸೊಸೆಗೆ ಇಷ್ಟು ಸೊಕ್ಕೇ ಎಂದು ಒಬ್ಬಳು ಅವಳಿಗೆ ಕೇಳುವಂತೆಯೇ ಅಂದಳು. ಶಂಕ್ರವ್ವ ಅಳುತ್ತಿದ್ದಳು, ಆದರೆ ಬುಟ್ಟಿ ಕೆಳಗಿಳಿಸಲಿಲ್ಲ. ಉಪ್ಪು ಕೊಟ್ಟವರ ಕೈಗೆ ಇನ್ನೊಂದು ಬುಟ್ಟಿಯಿಂದ ಕಡುಬಿನ ತುಣುಕು, ರೊಟ್ಟಿ ಮುರಿದು ಕೊಡುತ್ತಿದ್ದಳು. ಒಬ್ಬೊಬ್ಬರೇ ಅದನ್ನು ಕುಣಿಗೆ ಹಾಕಿದರು. ಹುಸೇನಸಾಬ ತನ್ನ ಪಾಲಿನದನ್ನು ಹಾಕುವಾಗ, ಎಳ್ಳ ಅಮಾವಾಸ್ಯೆಗೆ ಕೂಗುವ ಹಾಗೆ ಹುಲ್ಲುಲ್ಲಿಗೋ ಎಂದು ಮೆಲ್ಲಗೆ ಅಂದ.

ಕೊನೆಗೆ ಬಂದವನು ಫಕೀರವ್ವನ ತಮ್ಮ ಯಲ್ಲಪ್ಪ. ಬೆನ್ನು ಬಾಗಿದ ಮುದುಕ, ರೋಣದಿಂದ ಬಸ್ಸು ಬದಲಿಸಿ ಬಂದಿದ್ದ. ದೋತರದ ಚುಂಗಿನಲ್ಲಿ ಉಪ್ಪು ಗಂಟು ಕಟ್ಟಿ ತಂದಿದ್ದ.

“ತವರಮನಿ ಉಪ್ಪ ಇದು. ಅಕ್ಕಗ ಇದನ್ನೂ ಹಾಕಬ್ಯಾಡ ಅಂತೀಯೇನವಾ?”

ಶಂಕ್ರವ್ವ ಬುಟ್ಟಿ ಹಿಡಿದು ನಿಂತೇ ಇದ್ದಳು. ಮುದುಕ ಗಂಟು ಬಿಚ್ಚತೊಡಗಿದ. ತಡೆಯಲು ಅವಳಿಗೆ ಆಗಲಿಲ್ಲ, ಸರಿದು ದಾರಿ ಬಿಟ್ಟಳು. ಅವನು ಒಂದು ಹಿಡಿ ಉಪ್ಪನ್ನು ಅಕ್ಕನ ಕಾಲ ಬಳಿ ಹಾಕಿ, ಅಲ್ಲೇ ಕುಸಿದು ಕುಳಿತು ಅತ್ತ.

ಧಾರವಾಡದ ಪರದೆಯಲ್ಲಿ ಉಸಿರು ಮೊದಲು ಚೂರು ಏರಿತು. ಇರ್ಫಾನ್ ಹಿಗ್ಗಿದ. ಮಣ್ಣು ತೋಡಿದಾಗ ಗಾಳಿ ಹೊಕ್ಕು ಹಾಗಾಗುತ್ತದೆ, ಅದನ್ನು ನಂಬಬೇಡ ಎಂದರು ವಿಶಾಲಾಕ್ಷಿ. ಅವರು ಹೇಳಿದಂತೆಯೇ ಆಯಿತು. ಆಳದಿಂದ ಮೇಲೆ ಬಂದ ಜೀವವಿಲ್ಲದ ಮಣ್ಣು, ಅದರ ಜೊತೆಗೆ ಒಂದು ಹಿಡಿ ಉಪ್ಪು, ಉಸಿರು ಇಳಿಯತೊಡಗಿತು. ಶಿವರಾತ್ರಿಯ ಹೊತ್ತಿಗೆ ಹಸಿರು ಗೆರೆಯನ್ನೂ ದಾಟಿ ಕೆಳಗೆ ಹೋಗಿತ್ತು.

ಹೂಳುವಾಗ ಕುಣಿಗೆ ಹಾಕಿದ್ದೆಲ್ಲ ಹೂಳುವುದರಲ್ಲೇ ಸೇರಿತ್ತು, ಆದರೆ ಆಮೇಲೆ ಪರೀಕ್ಷೆ ಮುಗಿಯುವವರೆಗೆ ಆ ನೆಲಕ್ಕೆ ಒಂದು ತಂಬಿಗೆ ನೀರನ್ನೂ ಹಾಕುವಂತಿರಲಿಲ್ಲ. ಹಾಕಿದರೆ ಕೈ ಆಡಿಸಿದಂತೆ. ಮೂರನೆಯ ದಿನ ಸಮಾಧಿಯ ಮೇಲೆ ಹಾಲು ಎರೆಯುವ ಶಾಸ್ತ್ರವನ್ನು ಕೂಡ ಶಂಕ್ರವ್ವ ಮನೆಯ ಬಾಗಿಲಲ್ಲೇ ಮಾಡಿ ಮುಗಿಸಿದ್ದಳು. ಅವಳು ಆಗಾಗ ಫೋನು ಮಾಡುತ್ತಿದ್ದಳು. ಅಂಕಿಗಳನ್ನು ಕೇಳುತ್ತಿರಲಿಲ್ಲ.

“ಅತ್ತೀನ್ನ ಎಬ್ಬಸಬೇಕಾಗತೈತೇನ್ರಿ ಬಾಯಾರ?”

“ಇನ್ನೂ ದಿನಾ ಅದಾವ ಶಂಕ್ರವ್ವ.”

ಇಷ್ಟು ಹೇಳಿ ಫೋನು ಇಟ್ಟ ಮೇಲೆ ವಿಶಾಲಾಕ್ಷಿಗೆ ಬೇರೆ ಕೆಲಸದಲ್ಲಿ ಮನಸ್ಸು ನಿಲ್ಲುತ್ತಿರಲಿಲ್ಲ. ಆ ಮುದುಕಿಗೆ ಈ ನಿಯಮವನ್ನು ತೋರಿಸಿದವರು ತಾವೇ. ತೋರಿಸದೆ ಅರ್ಜಿ ವಜಾ ಮಾಡಿದ್ದರೆ ಯಾವುದೋ ದೂರದ ಊರಿನಲ್ಲಿ ಹೇಗೋ ಮಣ್ಣಾಗುತ್ತಿದ್ದಳು. ಮನೆಯಲ್ಲಿ ಗಂಡ ಊಟಕ್ಕೆ ಕರೆದರೆ ಹಸಿವಿಲ್ಲ ಎನ್ನುತ್ತಿದ್ದರು. ಅವರಿಗೆ ಭಯವಾಗಿತ್ತು.

ಒಂದು ಮಧ್ಯಾಹ್ನ ಇರ್ಫಾನ್ ದನಿ ತಗ್ಗಿಸಿ ಹೇಳಿದ, “ಮೇಡಂ, ಕೊಳವೀನ ನಾಕ ಮಾರು ಆಚೆ ಸರಸಿದ್ರ? ಅಲ್ಲಿ ಮಣ್ಣ ಚಲೋ ಐತಿ. ಯಾರಿಗೂ ಗೊತ್ತಾಗೂದಿಲ್ಲ. ಒಳ್ಳೇ ಕೆಲಸಕ್ಕಲ್ಲ?”

ವಿಶಾಲಾಕ್ಷಿ ಪರದೆಯಿಂದ ಕಣ್ಣು ತೆಗೆದು ಅವನ ಕಡೆ ತಿರುಗಿದರು. ಆ ಯೋಚನೆ ಅವರಿಗೂ ಬಂದಿತ್ತು, ಒಂದು ಸಲವಲ್ಲ.

“ಉಪ್ಪ ಸುರಿಯೋ ಏಜೆಂಟನೂ ಒಳ್ಳೇ ಕೆಲಸಕ್ಕ ಅಂತನ ಹೇಳ್ತಾನ,” ಎಂದರು ಕಡೆಗೆ. “ಇದ್ದಲ್ಲೇ ಇರಲಿ. ಆಕಿ ಹೇಳೂದನ್ನ ಆಕೀನ ಹೇಳಲಿ.”

ಯುಗಾದಿ ಹತ್ತಿರ ಬಂತು. ಬಿಸಿಲಿಗೆ ಎರೆಭೂಮಿ ಬಿರುಕು ಬಿಟ್ಟಿತು. ನಾಡಗೌಡರು ಹೆಣ ತೆಗೆಸುವ ಆದೇಶದ ಕರಡನ್ನು ಸಿದ್ಧ ಮಾಡಿಸಿಟ್ಟರು. ಅಮಾವಾಸ್ಯೆಯ ಮರುದಿನ ಹಬ್ಬದ ರಜೆ ಇರುವುದರಿಂದ ಮುಂಚೆಯೇ ಆಗಿರಲಿ ಎಂದರು, ಹಾಗೆ ಹೇಳುವಾಗ ವಿಶಾಲಾಕ್ಷಿಯ ಮುಖ ನೋಡಲಿಲ್ಲ.

ಉಸಿರು ತಳ ಕಂಡು ಕೆಲವು ದಿನ ಅಲ್ಲೇ ಬಿದ್ದಿತ್ತು. ಆಮೇಲೆ ಒಂದು ಬೆಳಿಗ್ಗೆ ಚೂರು ಮೇಲಿತ್ತು. ವಿಶಾಲಾಕ್ಷಿ ಯಂತ್ರದ ತಪ್ಪಿರಬಹುದು ಎಂದುಕೊಂಡರು. ಮರುದಿನ ಇನ್ನೂ ಮೇಲಿತ್ತು. ಬಿರುಕಿನೊಳಗಿಂದ ಗಾಳಿ ಇಳಿದು, ಕೆಳಗೆ ಕೋಟಿಗಟ್ಟಲೆ ಜೀವಿಗಳು ಆ ಹಿಡಿ ಉಪ್ಪನ್ನು ಸುತ್ತುಹಾಕಿ ಹೋಗಿ ಊಟದ ಹತ್ತಿರ ತಲುಪಿದ್ದವು. ಹಸಿರು ಗೆರೆ ದಾಟಿತು. ಅಮಾವಾಸ್ಯೆಯ ಹಿಂದಿನ ದಿನ ಚರಗದ ಅಳತೆಗೆ ಒಂದು ಬೆರಳಿನಷ್ಟು ಕೆಳಗೆ ಬಂದು ನಿಂತಿತು.

ಅಮಾವಾಸ್ಯೆಯ ಬೆಳಿಗ್ಗೆ ನಾಡಗೌಡರು ತಾವೇ ಎದ್ದು ಬಂದು ಪರದೆಯ ಹಿಂದೆ ನಿಂತರು. ಅಳತೆ ಬರುವ ವೇಳೆ ಆಯಿತು. ಬಂತು. ಚರಗದ ಗುರುತನ್ನು ದಾಟಿ ಮೇಲೆ ಹೋಗಿತ್ತು, ಇನ್ನೂ ಹೋಗುತ್ತಿತ್ತು. ಇರ್ಫಾನ್ ಕಣ್ಣೊರೆಸಿಕೊಂಡ.

ನಾಡಗೌಡರು ಕರಡನ್ನು ಹರಿದುಹಾಕಿ, ನಿಂತಲ್ಲೇ ಹೊಸ ಆದೇಶ ಹೇಳಿ ಬರೆಸಿದರು. ಹೊಸ ಮಾರನಕಟ್ಟಿಯ ಎರಡು ಎಕರೆಯಲ್ಲಿ ಭೂಮಿಯ ಬಳಕೆ ಬದಲಾಗಿರುವುದಿಲ್ಲ, ಎನ್‌ಎ ಅಗತ್ಯವಿಲ್ಲ. ಊರವರು ತಮ್ಮ ಸತ್ತವರನ್ನು ಅಲ್ಲಿ ಇಡಬಹುದು. ಉತಾರದಲ್ಲಿ, ಅಂದರೆ ಸರ್ಕಾರದ ಭೂದಾಖಲೆಯಲ್ಲಿ, ಇಂದಿಗೂ ಅದು ಹೊಲವೆಂದೇ ಇದೆ.

ವಿಶಾಲಾಕ್ಷಿ ಫೋನು ಮಾಡಿದರು. ಒಂದೇ ರಿಂಗಿಗೆ ಶಂಕ್ರವ್ವ ಎತ್ತಿದಳು. ಹೊಲದಲ್ಲೇ ಇದ್ದಳೆಂದು ಕಾಣುತ್ತದೆ, ಹಿಂದೆ ಗಾಳಿಯ ಸದ್ದಿತ್ತು. ಸಲಿಕೆಯನ್ನೂ ಒಯ್ದಿದ್ದಳಂತೆ, ಆಮೇಲೆ ಗೊತ್ತಾಯಿತು. ಬೇರೆಯವರ ಕೈಲಿ ಎಬ್ಬಿಸಗೊಡಬಾರದು ಎಂದು.

“ಎಬ್ಬಸಬೇಕೇನ್ರಿ ಬಾಯಾರ?”

“ಬ್ಯಾಡ ಶಂಕ್ರವ್ವ,” ಎಂದರು ವಿಶಾಲಾಕ್ಷಿ. “ಮಲಗಲಿ.”